47 ಪಿಕೊಫ್ಯಾರಡ್ ಹುಡುಕಿ ಹೊರಟವನು

ಬೀದರಿನ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಕಂಡೆನ್ಸರ್ ಕೇಳಿದವನ ಕೈಗೆ ಮೊದಲು ಬರುವುದು ಫ್ಯಾನಿನ ಕಂಡೆನ್ಸರ್. ಹಿಡಿಯಷ್ಟು ದಪ್ಪದ ಪ್ಲಾಸ್ಟಿಕ್ ಡಬ್ಬಿ, ಎರಡು ವೈರು, ಮೈಮೇಲೆ 2.5 ಎಂಎಫ್‌ಡಿ, ಎಂದರೆ ಮೈಕ್ರೊಫ್ಯಾರಡ್, ಎಂಬ ಮುದ್ರೆ. ಇದಲ್ಲ, ಬೇರೆಯದು ಎಂದರೆ ಬೋರ್‌ವೆಲ್ ಪಂಪಿನದು ಬರುತ್ತದೆ, ಅದು ಲೋಟದಷ್ಟು ದೊಡ್ಡದು. ಇನ್ನೂ ಸಣ್ಣದು ಎಂದಾಗ ಅಂಗಡಿಯ ಕಾಕಾ ಕನ್ನಡಕದ ಮೇಲಿನಿಂದ ನೋಡುತ್ತಾರೆ.

"ಯಾದಕ್ಕ ಬೇಕ್ರಿ?"

"ಗಿಟಾರಿಗೆ ಬೇಕ್ರಿ ಕಾಕಾ."

ಗಿಟಾರಿಗೆ ತಂತಿ ಇರುತ್ತದೆ ಎಂಬುದು ಕಾಕಾನಿಗೆ ಗೊತ್ತು. ಕಂಡೆನ್ಸರ್ ಯಾವಾಗಿನಿಂದ ಎಂಬುದು ಗೊತ್ತಿಲ್ಲ. ಅವರ ಅನುಮಾನ ತಪ್ಪೂ ಅಲ್ಲ. ಹುಡುಗ ಕೇಳುತ್ತಿರುವುದು 47 ಪಿಕೊಫ್ಯಾರಡ್‌ನ ಒಂದು ಚುಕ್ಕೆಯನ್ನು. ಮೊದಲು ಬಂದ ಫ್ಯಾನಿನ ಕಂಡೆನ್ಸರ್ ಅದಕ್ಕಿಂತ ಸುಮಾರು 53 ಸಾವಿರ ಪಟ್ಟು ದೊಡ್ಡದು. ಸಾಸಿವೆ ಕೇಳಲು ಬಂದವನಿಗೆ ಕುಂಬಳಕಾಯಿ ಕೊಟ್ಟಂತೆ.

ಹೀಗೆ ಹೊರಟವನು ಕಟ್ಟಬೇಕೆಂದಿರುವುದು ಕೋರಸ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂತು, ಕಾಲಿನಿಂದ ಒತ್ತಿದಾಗ ದನಿಗೆ ಹೊಳಪು ಹಚ್ಚುವ ಪೆಟ್ಟಿಗೆ ಅದು. ಇಂಥವನು ಒಬ್ಬನೇ ಅಲ್ಲ, ಒಂದು ಜಾತಿ. ಕೊಂಡರೆ ದುಬಾರಿ, ಕಟ್ಟಿದರೆ ಅಗ್ಗ ಎಂದು ನಂಬಿರುವ, ಆ ನಂಬಿಕೆಯನ್ನು ಉಳಿಸಿಕೊಳ್ಳಲು ಕೊಂಡುಕೊಳ್ಳುವ ಬೆಲೆಗಿಂತ ಹೆಚ್ಚು ಖರ್ಚು ಮಾಡಲೂ ಸಿದ್ಧವಿರುವ ಜಾತಿ.

ಕೋರಸ್ ಎಂದರೆ ಮೇಳ. ಒಬ್ಬರು ಹಾಡಿದ ಸಾಲನ್ನೇ ಅದೇ ಶ್ರುತಿಯಲ್ಲಿ ಆರು ಮಂದಿ ಹಾಡಿದರೆ ಅದೇ ದನಿ ಜೋರಾಗುವುದಷ್ಟೇ ಅಲ್ಲ, ಬೇರೆಯದೇ ಒಂದು ದನಿ ಹುಟ್ಟುತ್ತದೆ. ಒಬ್ಬರು ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬರು ಅಷ್ಟೇ ಹಿಂದೆ, ಮೂರನೆಯವರ ಷಡ್ಜ ಚೂರು ಏರು. ಆ ಅಷ್ಟಿಷ್ಟು ತಪ್ಪುಗಳೆಲ್ಲ ಕೂಡಿ ದನಿಗೆ ಮೈ ಬರುತ್ತದೆ. ಹಾರ್ಮೋನಿಯಂ ಕಟ್ಟುವವರಿಗೆ ಇದು ಹಳೆಯ ಗುಟ್ಟು. ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಒಂದೇ ಸ್ವರದ ಎರಡು ಹಿತ್ತಾಳೆ ನಾಲಿಗೆಗಳನ್ನು ಬೇಕೆಂದೇ ಚೂರು ಬೇರೆಯಾಗಿ ಕೆರೆಯುವುದುಂಟು. ಒಂದು ಸೆಕೆಂಡಿಗೆ 440 ಸಲ ಅಲುಗಿದರೆ ಇನ್ನೊಂದು 442 ಸಲ, ಆಗ ದನಿ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಭಜನೆಯ ಮನೆಯಲ್ಲಿ ಕೂತವರಿಗೆ ಅದು ತಪ್ಪೆನಿಸುವುದಿಲ್ಲ, ಪೆಟ್ಟಿಗೆ 'ತುಂಬಿ' ನುಡಿಯುತ್ತಿದೆ ಎನಿಸುತ್ತದೆ. ಬೀದರಿನವರಿಗೆ ಇದರ ಆಕಾಶದ ನಮೂನೆಯೂ ಉಂಟು. ಇಲ್ಲಿನ ವಾಯುನೆಲೆಯ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ಒಟ್ಟಾಗಿ ಮೇಲೆ ಹಾಯುವಾಗ, ಒಂದೇ ಬಗೆಯ ಒಂಬತ್ತು ಎಂಜಿನ್ನುಗಳ ಸದ್ದು ಒಂದೇ ಎಳೆಯಾಗಿ ಬರುವುದಿಲ್ಲ.

ಪೆಡಲ್ ಮಾಡುವುದು ಇದೇ ಕಳ್ಳಾಟವನ್ನು. ಬಂದ ದನಿಯ ಒಂದು ನಕಲನ್ನು ಕೆಲವು ಮಿಲಿಸೆಕೆಂಡು ತಡೆಹಿಡಿದು, ಆ ತಡವನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸಿ, ಮೂಲದ ಜೊತೆ ಬೆರೆಸಿ ಬಿಡುತ್ತದೆ. ತಡ ಹಿಗ್ಗುವಾಗ ನಕಲಿನ ಶ್ರುತಿ ಚೂರು ಇಳಿಯುತ್ತದೆ, ಕುಗ್ಗುವಾಗ ಏರುತ್ತದೆ. 10 ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 3.4 ಮೀಟರ್ ಸಾಗುತ್ತದೆ. ಅಂದರೆ ಕೋಣೆಯ ಆ ಗೋಡೆಯ ಹತ್ತಿರ ಇನ್ನೊಬ್ಬ ಗಿಟಾರಿನವನು ಕೂತು, ಪೂರ್ತಿ ಶ್ರುತಿ ಸೇರದೆ, ಅದನ್ನೇ ನುಡಿಸುತ್ತಿರುವಂತೆ.

ತಮಾಷೆ ಇರುವುದು ಇಲ್ಲಿಯೇ. ಸರಿಹೊಂದದ ದನಿಯೊಂದನ್ನು ಹುಟ್ಟಿಸುವುದಕ್ಕಾಗಿ ಅವನು ಶೇಕಡಾ ಒಂದರಷ್ಟೂ ಹೆಚ್ಚುಕಡಿಮೆ ಇಲ್ಲದ ಬಿಡಿಭಾಗಗಳನ್ನು ಹುಡುಕುತ್ತಿದ್ದಾನೆ.

ಮೊದಲ ತಲೆನೋವು ಪೆಟ್ಟಿಗೆಯ ಹೃದಯದ್ದು. ದನಿಯನ್ನು ತಡೆಹಿಡಿಯುವ ಐಸಿಗೆ ಬಕೆಟ್ ಬ್ರಿಗೇಡ್ ಎಂದು ಹೆಸರು. ಹೆಸರೇ ಅರ್ಧ ಪಾಠ. ಹಳ್ಳಿಯಲ್ಲಿ ಹಳೆ ಬಾವಿಯ ಹೂಳೆತ್ತುವಾಗ ಮೆಟ್ಟಿಲಿನುದ್ದಕ್ಕೂ ಜನ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಈ ಐಸಿಯೊಳಗೆ 1024 ಪುಟ್ಟ ಕಂಡೆನ್ಸರುಗಳು ಸಾಲಾಗಿ ನಿಂತು ವಿದ್ಯುತ್ತಿನ ಬುಟ್ಟಿಯನ್ನು ದಾಟಿಸುತ್ತವೆ. 'ಹೂಂ, ಕೊಡು' ಎಂದು ತಾಳ ಹಾಕಲು ಪಕ್ಕದಲ್ಲಿ ಇನ್ನೊಂದು ಐಸಿ, ಅದು ಕ್ಲಾಕ್. ಅದರ ತಾಳ ಸೆಕೆಂಡಿಗೆ ಒಂದು ಲಕ್ಷವಾದರೆ ಬುಟ್ಟಿ ಆ ತುದಿ ಮುಟ್ಟಲು 5.12 ಮಿಲಿಸೆಕೆಂಡು ಹಿಡಿಯುತ್ತದೆ, ಹತ್ತು ಸಾವಿರವಾದರೆ 51.2. ತಾಳವನ್ನು ಸ್ವಲ್ಪ ಓಡಿಸಿ ಸ್ವಲ್ಪ ಎಳೆದರೆ ತಡವೂ ಕುಗ್ಗುತ್ತದೆ, ಹಿಗ್ಗುತ್ತದೆ. ಈ ಉಪಾಯ ಹೊಳೆದದ್ದು ಹಾಲೆಂಡಿನ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬಿಬ್ಬರಿಗೆ, 1969ರ ಸುಮಾರಿಗೆ. ಸಂಗೀತಕ್ಕೆ ಅದನ್ನು ಚೆನ್ನಾಗಿ ದುಡಿಸಿಕೊಂಡವರು ಜಪಾನಿನವರು. ರೋಲೆಂಡ್ ಕಂಪನಿ 1975ರಲ್ಲಿ ತಂದ ಜೆಸಿ-120 ಆಂಪ್ಲಿಫೈಯರಿನಲ್ಲಿ ಎರಡು ಸ್ಪೀಕರುಗಳು. ಕೋರಸ್ ಹಾಕಿದಾಗ ಒಂದರಿಂದ ಮೂಲ ದನಿ, ಇನ್ನೊಂದರಿಂದ ತೂಗಾಡುವ ನಕಲು, ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ. ಮರುವರ್ಷ ಆ ಕೋರಸ್ಸನ್ನಷ್ಟೇ ಬಿಡಿಸಿ ಬಾಸ್ ಸಿಇ-1 ಎಂಬ ದಪ್ಪನೆಯ ಪೆಟ್ಟಿಗೆ ಮಾಡಿದರು. 1979ರಲ್ಲಿ ಅದು ಅಂಗೈ ಮೇಲೆ ಕೂರುವ ಸಿಇ-2 ಆಯಿತು. ಇಂದು ಮನೆಯಲ್ಲಿ ಕೋರಸ್ ಕಟ್ಟುವವರಲ್ಲಿ ಬಹುಮಂದಿ ಮುಂದಿಟ್ಟುಕೊಳ್ಳುವ ನಕ್ಷೆ ಈ ಸಿಇ-2ರದು, ಇಲ್ಲವೇ ಅದರ ಮಕ್ಕಳು ಮೊಮ್ಮಕ್ಕಳದು.

ಆ ನಕ್ಷೆಯಲ್ಲಿ ಬರೆದಿರುವ ಐಸಿ ಎಂಎನ್3007. ಮತ್ಸುಶಿತಾ ಕಂಪನಿ, ಎಂದರೆ ಪ್ಯಾನಾಸೋನಿಕ್ಕಿನ ಮನೆಯವರು, ಇದನ್ನು ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅದರ ತಮ್ಮ ಎಂಎನ್3207 ಕಡಿಮೆ ವೋಲ್ಟೇಜಿನಲ್ಲಿ ನಡೆಯುವಂಥದ್ದು, ಅದರ ಹೊಸ ನಕಲುಗಳು ಈಗಲೂ ತಯಾರಾಗುತ್ತಿವೆ. ಎರಡರದೂ ಎಂಟೇ ಕಾಲು, ಎರಡರಲ್ಲೂ 1024 ಬುಟ್ಟಿ. ಹಾಗಾದರೆ ಅಣ್ಣನ ಜಾಗದಲ್ಲಿ ತಮ್ಮನನ್ನು ಕೂರಿಸಬಹುದೇ? ಕೂರಿಸಬಾರದು. ಒಬ್ಬನ ಪ್ಲಸ್ ಇನ್ನೊಬ್ಬನಿಗೆ ಮೈನಸ್. ತಾಳ ಹಾಕುವ ಜೊತೆಗಾರರೂ ಬೇರೆ: 3007ಕ್ಕೆ 3101, 3207ಕ್ಕೆ 3102. ಇದನ್ನು ತಿಳಿಯದೆ ಅಣ್ಣನಿಗೆ ತಮ್ಮನ ಹೆಂಡತಿಯನ್ನು ಜೊತೆ ಮಾಡಿ ತರಿಸಿಕೊಂಡು, ಪಾರ್ಸೆಲ್ ಬಿಚ್ಚಿ ತಲೆ ಹಿಡಿದು ಕೂತವರು ಇದ್ದಾರೆ.

ಅದಕ್ಕಿಂತ ದೊಡ್ಡ ಅಪಾಯ ನಕಲಿ ಮಾಲು. ಬೇಡಿಕೆ ಇರುವ, ತಯಾರಿಕೆ ನಿಂತ ಐಸಿ ಎಂದರೆ ಮೋಸಗಾರರಿಗೆ ಹಬ್ಬ. ಯಾವುದೋ ಎಂಟು ಕಾಲಿನ ಅಗ್ಗದ ಐಸಿಯ ಬೆನ್ನು ಉಜ್ಜಿ, ಮೇಲೆ ಎಂಎನ್3007 ಎಂದು ಮುದ್ರೆ ಒತ್ತಿ ಮಾರುತ್ತಾರೆ. ಔರಾದದ ಅಮರೇಶ್ವರ ಜಾತ್ರೆಯ ದನದ ಸಂತೆ ನೋಡಿದವರಿಗೆ ಈ ಕೊಳ್ಳುವಿಕೆ ಹೊಸದೆನಿಸದು. ದೇವಣಿ ಹೋರಿಯನ್ನು ಕೊಳ್ಳುವ ರೈತ ಅದರ ಬಿಳಿ ಮೈಮೇಲಿನ ಕಪ್ಪು ಮಚ್ಚೆಗೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಐಸಿ ಕೊಳ್ಳುವವನಿಗೂ ಹಲ್ಲೆಣಿಸುವ ದಾರಿಗಳುಂಟು. ಹತ್ತಿಗೆ ಅಸಿಟೋನ್ ಹಚ್ಚಿ ಬೆನ್ನು ಒರೆಸಿದರೆ ಕೆಲವು ಕಳ್ಳ ಮುದ್ರೆಗಳು ಹತ್ತಿಗೇ ಬಂದುಬಿಡುತ್ತವೆ. ಒಂದೇ ಕಂತಿನ ಐಸಿಗಳ ಮೇಲೆ ಬೇರೆ ಬೇರೆ ಅಕ್ಷರರೂಪ ಇದ್ದರೆ ಅನುಮಾನಿಸಬೇಕು. ನಾಲ್ಕು ಹೆಜ್ಜೆ ನಡೆಸಿ ನೋಡುವುದಂತೂ ಬೋರ್ಡಿನ ಮೇಲೆ ಕೂರಿಸಿದ ನಂತರವೇ. ಆದ್ದರಿಂದ ಐಸಿಯನ್ನು ನೇರ ಬೆಸೆಯದೆ ಐಸಿ ಬೇಸ್ ಹಾಕಬೇಕು. ಕೆಲವೇ ರೂಪಾಯಿಯ ಆ ಪ್ಲಾಸ್ಟಿಕ್ ಪೀಠವನ್ನು ಉಳಿಸಲು ಹೋಗಿ ದುಬಾರಿ ಐಸಿಯನ್ನು ಸುಟ್ಟವರ ಸಂಖ್ಯೆ ಕಡಿಮೆಯಲ್ಲ.

ಹೊರಗಿನ ಫಲಕ ಒಂದು, ಒಳಗಿನ ಕೆಲಸ ಇನ್ನೊಂದು ಎಂಬುದೇನೂ ಯಾವಾಗಲೂ ಮೋಸವಲ್ಲ ಬಿಡಿ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಐಸಿ ಮಾರುವವರಿಗೆ ಆ ವಿನಾಯಿತಿ ಕೊಡಲಾಗದು, ಅಷ್ಟೆ.

ಎಲ್ಲಿ ಕೊಳ್ಳುವುದು? ರಾಜ್ಯದ ಎಲೆಕ್ಟ್ರಾನಿಕ್ಸ್ ತವರು ಬೆಂಗಳೂರಿನ ಎಸ್.ಪಿ. ರಸ್ತೆ. ಬೀದರಿನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಸುಮಾರು 140. ಹೀಗಾಗಿ ಬೀದರಿನ ರೇಡಿಯೊ, ಟಿವಿ ರಿಪೇರಿಯ ನಕಾಶೆಯಲ್ಲಿ ರಾಜಧಾನಿ ಎಂದರೆ ಕೋಠಿಯೇ. "ಇಲ್ಲಿ ಸಿಗಂಗಿಲ್ರಿ, ಹೈದ್ರಾಬಾದದಾಗ ನೋಡ್ರಿ" ಎಂಬುದು ಬೀದರ, ಭಾಲ್ಕಿ, ಔರಾದಗಳ ಕೌಂಟರುಗಳಲ್ಲಿ ಸಿಗುವ ಸಾಮಾನ್ಯ ಉತ್ತರ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಆದರೆ ಗಲ್ಲಿಯಲ್ಲಿ ಬಿಡಿಭಾಗ ಕೊಳ್ಳಲು ಹೋದವನು ಪಟ್ಟಿಯಲ್ಲಿಲ್ಲದ್ದನ್ನೇ ಹೆಚ್ಚು ತರುತ್ತಾನೆ.

ಊರಿನಲ್ಲಿ ಏನೂ ಸಿಗುವುದಿಲ್ಲ ಎಂದೇನಲ್ಲ. ಮದುವೆ, ಗಣಪತಿ, ಭಜನೆ, ಡಿಜೆ ಎಂದು ವರ್ಷವಿಡೀ ಸ್ಪೀಕರ್ ಮೊಳಗುವ ಸೀಮೆಯಿದು. ಭಾಲ್ಕಿಯ ಸಣ್ಣ ರಿಪೇರಿ ಅಂಗಡಿಯಲ್ಲೂ 4558 ಎಂಬ ಆಪ್-ಆಂಪ್ ಐಸಿ ಮುಷ್ಟಿಗಟ್ಟಲೆ ಬಿದ್ದಿರುತ್ತದೆ, ಬಾಸ್-ಟ್ರೆಬಲ್ ಬೋರ್ಡುಗಳ ಅನ್ನವೇ ಅದು. ಗಿಟಾರ್ ಪೆಡಲಿನಲ್ಲಿ ದನಿಯನ್ನು ಎತ್ತಲು, ಬೆರೆಸಲು ಅದೇ 4558 ಸಾಕು. ಇದನ್ನು ಬಿಟ್ಟು ಇನ್ನೂ 'ಶುದ್ಧ'ವಾದ ಆಪ್-ಆಂಪ್ ಬೇಕೆಂದು ವಾರಗಟ್ಟಲೆ ಹುಡುಕುವವರ ಬಗ್ಗೆ ಮರುಕವಷ್ಟೇ ಪಡಬಹುದು, ಬುಟ್ಟಿ ಸಾಲಿನ ಐಸಿಯೇ ಹಿಸ್ಸೆಂದು ಉಸಿರುಬಿಡುವಾಗ ಆ ಶುದ್ಧಿ ಯಾರ ಕಿವಿಗೆ? ಮೂಲೆಯಲ್ಲಿ ಧೂಳು ತಿನ್ನುವ ಹಳೆಯ ಎಕೋ ಆಂಪ್ಲಿಫೈಯರನ್ನು ಬಿಚ್ಚಿದರೆ, ಅದೃಷ್ಟವಿದ್ದವನಿಗೆ 3207 ಸಿಕ್ಕೀತು. ಹೊಸ ಎಕೋ ಬೋರ್ಡಿನಲ್ಲಿ ಸಿಗುವುದು ಪಿಟಿ2399. ಅದು ದನಿಯನ್ನು ಅಂಕಿಯಾಗಿಸಿ ತಡೆಯುವ ಐಸಿ, ಎಷ್ಟು ಅವಸರಪಡಿಸಿದರೂ ಸುಮಾರು 30 ಮಿಲಿಸೆಕೆಂಡಿಗಿಂತ ಬೇಗ ಬಿಟ್ಟುಕೊಡಲು ಒಪ್ಪುವುದಿಲ್ಲ. ಕೋರಸ್ಸಿಗೆ ಅದು ಸ್ವಲ್ಪ ಸೋಮಾರಿ.

ಇನ್ನು ಆ 47 ಪಿಕೊಫ್ಯಾರಡ್. ಕ್ಲಾಕಿನ ತಾಳವನ್ನು ಗೊತ್ತುಮಾಡುವ ಕಂಡೆನ್ಸರ್ ಇದು, ಪಟ್ಟಿಯಲ್ಲಿ ನಿಜವಾಗಿ ಹಠ ಹಿಡಿಯಬೇಕಾದ ಕೆಲವೇ ಸಾಮಾನುಗಳಲ್ಲಿ ಒಂದು. ಸೆರಾಮಿಕ್ ಬಿಲ್ಲೆಗಳ ಮೇಲಿನ ಬರಹ ವಿಚಿತ್ರವಾದದ್ದು. 104 ಎಂದರೆ ಹತ್ತರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪಿಕೊ. 471 ಎಂದರೆ 47ರ ಮುಂದೆ ಒಂದು ಸೊನ್ನೆ, 470 ಪಿಕೊ. 470 ಎಂದು ಬರೆದಿದ್ದರೆ? ಲೆಕ್ಕದ ಪ್ರಕಾರ 47ರ ಮುಂದೆ ಸೊನ್ನೆಯೇ ಇಲ್ಲ, ಆದ್ದರಿಂದ 47 ಪಿಕೊ. ಕಣ್ಣಿನ ಪ್ರಕಾರ ನಾನೂರ ಎಪ್ಪತ್ತು. ಅಂಗಡಿಯ ಹುಡುಗ ಕಣ್ಣನ್ನು ನಂಬಿ ಡಬ್ಬಿ ಬದಲಿಸಿಟ್ಟಿದ್ದರೆ, ಪೆಡಲಿನ ಕ್ಲಾಕು ಹತ್ತರಲ್ಲೊಂದು ವೇಗಕ್ಕೆ ಇಳಿದು ಕಿವಿಗೆ ಕೇಳುವ ಮಟ್ಟಕ್ಕೆ ಬಂದುಬಿಡುತ್ತದೆ. ಆಗ ಗಿಟಾರಿನ ಹಿಂದೆ ಸೊಳ್ಳೆಯೊಂದು ಬಿಡದೆ ಹಾಡುತ್ತದೆ.

ಅಳತೆ ಸರಿ ಇದ್ದರೂ ಮುಗಿಯಲಿಲ್ಲ. ಸೆರಾಮಿಕ್ಕಿನಲ್ಲೇ ಒಳಜಾತಿಗಳುಂಟು. ಎನ್‌ಪಿಒ ಎಂಬುದು ಬಿಸಿಲಿಗೂ ಚಳಿಗೂ ಮಾತು ಬದಲಿಸದ್ದು. ವೈ5ವಿ ಎಂಬುದು ಸೆಕೆ ಏರಿದಂತೆ ಸೊರಗುತ್ತದೆ, ತನ್ನ ಅಳತೆಯ ಐದರಲ್ಲಿ ನಾಲ್ಕು ಪಾಲನ್ನು ಕಳೆದುಕೊಂಡರೂ ಅದರ ಜಾತಕ ಅದಕ್ಕೆ ಅನುಮತಿ ಕೊಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಅದೂ ಪತ್ರಾಸಿನ ಚಾವಣಿಯ ಕೆಳಗೆ, ಕ್ಲಾಕಿನ ಜಾಗದಲ್ಲಿ ಇಂಥದ್ದನ್ನು ಕೂರಿಸಿದರೆ ಮಧ್ಯಾಹ್ನಕ್ಕೊಂದು ಕೋರಸ್, ರಾತ್ರಿಗೊಂದು ಕೋರಸ್.

ಉಳಿದ ಕಡೆ ಇಷ್ಟು ಹಠ ಬೇಕಿಲ್ಲ. ತಡವನ್ನು ತೂಗಾಡಿಸುವ ನಿಧಾನಗತಿಯ ಆಂದೋಲಕಕ್ಕೆ ಹಾಕುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರು ಶೇಕಡಾ 20 ಆಚೀಚೆ ಇದ್ದರೂ ನಡೆಯುತ್ತದೆ, ಅದನ್ನು ತಿದ್ದಲೆಂದೇ ಮುಂದೆ 'ರೇಟ್' ಎಂಬ ಗುಂಡಿ ಇದೆ. ಗುಂಡಿ ಇರುವ ಕಡೆ ಒಳಗಿನ ಅಳತೆಗಾಗಿ ನಿದ್ದೆ ಕೆಡಿಸಿಕೊಳ್ಳುವುದು ದಂಡ. ಎಲೆಕ್ಟ್ರೋಲಿಟಿಕ್ ಕೊಳ್ಳುವಾಗ ನೋಡಬೇಕಾದದ್ದು ವಯಸ್ಸು ಮತ್ತು ಪ್ಲಸ್-ಮೈನಸ್. ರೆಸಿಸ್ಟೆನ್ಸುಗಳ ಮಾತೇ ಬೇಡ. ಕಾರ್ಬನ್ನಿನದು ಶೇಕಡಾ 5, ಮೆಟಲ್ ಫಿಲ್ಮಿನದು ಶೇಕಡಾ 1. ಬೆಲೆಯ ವ್ಯತ್ಯಾಸ ಚಿಲ್ಲರೆ, ಒಳ್ಳೆಯದನ್ನೇ ತರಬಹುದು. ಕಂದು-ಕಪ್ಪು-ಕಿತ್ತಳೆ ಎಂದರೆ ಹತ್ತು ಸಾವಿರ ಓಮ್ ಎಂದು ಗಟ್ಟಿಮಾಡಿಕೊಂಡವನು ಮೆಟಲ್ ಫಿಲ್ಮಿನ ನೀಲಿ ಮೈಮೇಲೆ ಐದು ಪಟ್ಟಿ ಕಂಡು ಮತ್ತೆ ಮಲ್ಟಿಮೀಟರಿಗೆ ಶರಣಾಗುತ್ತಾನೆ.

ಬೆಸುಗೆ ಹಾಕುವ ಹೊತ್ತಿಗೆ ಬೀದರಿನವನಿಗೆ ಹತ್ತಿರದ ನೆಂಟನೊಬ್ಬ ಸಿಗುತ್ತಾನೆ: ನವಸಾಗರ. ಹಳೆಯ ರೇಡಿಯೊ ಮೆಕ್ಯಾನಿಕ್ಕುಗಳು ಬೆಸುಗೆ ಕಾವಿಯದ ಕರಕಲು ತುದಿಯನ್ನು ಇದರ ಗಟ್ಟಿಯ ಮೇಲೆ ಉಜ್ಜಿ ಬೆಳಗಿಸುತ್ತಿದ್ದರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರೂ ಇದನ್ನೇ ಬಳಸುತ್ತಾರೆ. ಬೀದರಿನ ಕುಶಲಕರ್ಮಿಗಳಂತೂ ಕೋಟೆಯ ಮಣ್ಣಿಗೆ ಇದನ್ನೇ ಬೆರೆಸಿ ಬಿದ್ರಿ ಹೂಜಿಗೆ ಹಚ್ಚುತ್ತಾರೆ. ಆಗ ಸತು-ತಾಮ್ರದ ಮೈ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆದರೆ ಸರ್ಕ್ಯೂಟಿನ ಬೆಸುಗೆಗೆ ನವಸಾಗರವನ್ನು ಫ್ಲಕ್ಸ್ ಎಂದು ಬಳಸಬಾರದು, ತಾಮ್ರದ ದಾರಿಗಳನ್ನು ಮೆಲ್ಲಗೆ ತಿಂದುಹಾಕುತ್ತದೆ. ಅಲ್ಲಿಗೆ ರಾಳವೇ ಸರಿ.

ಬಿದ್ರಿಯ ಮಾತು ಬಂದಮೇಲೆ ಒಂದು ಆಸೆ ಹುಟ್ಟದೆ ಇರದು. ಪೆಡಲಿನ ಪೆಟ್ಟಿಗೆಯನ್ನೇ ಬಿದ್ರಿಯಲ್ಲಿ ಮಾಡಿಸಿದರೆ? 2006ರಲ್ಲಿ ಭೌಗೋಳಿಕ ಗುರುತು ಪಡೆದ ಕಲೆ, ಕಪ್ಪು ಮೈ, ಗುಂಡಿಗಳ ಸುತ್ತ ಬೆಳ್ಳಿಯ ಬಳ್ಳಿ. ಲೋಹವಾದ್ದರಿಂದ ಹೊರಗಿನ ಗುಂಯ್‌ಗುಡುವಿಕೆಯನ್ನೂ ತಡೆಯುತ್ತದೆ. ಆದರೆ ಸತುವಿನ ತೂಕ ಅಲ್ಯೂಮಿನಿಯಮ್ಮಿನ ಎರಡೂವರೆ ಪಟ್ಟಿಗೂ ಹೆಚ್ಚು. ಮೇಲಾಗಿ ವಾರಗಟ್ಟಲೆ ಉಳಿ ಹಿಡಿದು ಕೂರಿಸಿದ ಬೆಳ್ಳಿಯ ಮೇಲೆ ಬೂಟುಗಾಲಿನಿಂದ ಒತ್ತುವವನಿಗೆ ಊರಿನಲ್ಲಿ ಮುಖ ತೋರಿಸುವುದು ಕಷ್ಟ. ಪೆಡಲ್ ಲೋಕದವರೆಲ್ಲ ಬಳಸುವ 1590ಬಿ ಎಂಬ ಅಚ್ಚಿನ ಅಲ್ಯೂಮಿನಿಯಮ್ ಡಬ್ಬಿ ಸುಮಾರು 112 ಮಿಲಿಮೀಟರ್ ಉದ್ದ, 60 ಅಗಲ. ಅದನ್ನು ತರಿಸಿಕೊಳ್ಳುವುದೇ ನೆಟ್ಟಗೆ. ಸ್ಟೀಲಿನ ಊಟದ ಡಬ್ಬಿ ಗಟ್ಟಿಯೇ, ಆದರೆ ಅದಕ್ಕೆ ತೂತು ಕೊರೆಯಲು ಹೋದರೆ ಡ್ರಿಲ್ಲಿನ ಬಿಟ್ ಸೋಲುತ್ತದೆ, ಮನೆಯಲ್ಲಿ ಡಬ್ಬಿ ಹುಡುಕುತ್ತಿರುವವರ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ. ಸ್ವಿಚ್‌ಬೋರ್ಡಿನ ಪ್ಲಾಸ್ಟಿಕ್ ಪೆಟ್ಟಿಗೆ ಕೊರೆಯಲು ಸುಲಭ. ಒಳಗೆ ತಗಡಿನ ಹಾಳೆ ಅಂಟಿಸಿ ಗ್ರೌಂಡ್ ಮಾಡದಿದ್ದರೆ ಮನೆಯ ವೈರಿಂಗಿನ 50 ಹರ್ಟ್ಸಿನ ಗುಂಯ್ ಪುಕ್ಕಟೆ.

ಜಾಕಿನ ವಿಷಯದಲ್ಲಿ ಭಾಷೆ ಗೊತ್ತಿರಬೇಕು. ಕಾಲಿಂಚಿನ ಗಿಟಾರ್ ಜಾಕ್ ಎಂದರೆ ಅಂಗಡಿಯಲ್ಲಿ ಯಾರಿಗೂ ತಿಳಿಯದು, 'ಪಿ-38' ಎಂದರೆ ಮರುಮಾತಿಲ್ಲದೆ ಡ್ರಾಯರು ತೆರೆಯುತ್ತದೆ. ಮೈಕಿನವರ ಭಾಷೆ ಅದು. ಹಾಗೆಯೇ ಟ್ರಿಮ್ಮರ್ ಅಲ್ಲ 'ಪ್ರೀಸೆಟ್', ಕೆಪಾಸಿಟರ್ ಅಲ್ಲ ಕಂಡೆನ್ಸರ್. ಕಾಲಿನಿಂದ ಒತ್ತುವ ಒಂಬತ್ತು ಕಾಲಿನ ಸ್ವಿಚ್ಚಿಗೆ ಮಾತ್ರ ಇಲ್ಲಿ ಹೆಸರೂ ಇಲ್ಲ, ಮಾಲೂ ಇಲ್ಲ. ಇನ್ನು ವಿದ್ಯುತ್ತು. ಪೆಡಲುಗಳ ವಾಡಿಕೆ 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಮನೆಯಲ್ಲಿ ಬಿದ್ದಿರುವ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಒಂದು ಸಾಯಂಕಾಲದ ಅವಸರದಲ್ಲಿ ಅದನ್ನು ಚುಚ್ಚಿದರೆ ಎಲೆಕ್ಟ್ರೋಲಿಟಿಕ್‌ಗಳು ಪಟಾಕಿಯಾಗುತ್ತವೆ. ಆದ್ದರಿಂದ ಬಾಗಿಲಲ್ಲಿ ಒಂದು ಡಯೋಡು ಕಾವಲಿರಲಿ.

ಪಟ್ಟಿಯ ಕೊನೆಯಲ್ಲಿ ಒಂದು ಎಲ್‌ಇಡಿ. ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ, ಯಾವ ಬಣ್ಣ ಸಿಕ್ಕಿತೋ ಅದು.

ಎಲ್ಲ ಬೆಸೆದು ಮೊದಲ ಸಲ ಕರೆಂಟು ಕೊಟ್ಟಾಗ ಬರುವುದು ಬಹುಪಾಲು ಹಿಸ್ಸೆನ್ನುವ ಮೌನ. ಐಸಿ ನಕಲಿಯೇ ಎಂದು ಎದೆ ಹಾರುತ್ತದೆ. ಆಗ ಆ ಪ್ರೀಸೆಟ್ಟನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುತ್ತಾ ಹೋಗಬೇಕು. ಬುಟ್ಟಿ ಸಾಲಿನ ಐಸಿಗೆ ದನಿ ಒಳಹೋಗುವ ಮಟ್ಟ ಇಂತಿಷ್ಟೇ ಇರಬೇಕು, ಒಂದು ಐಸಿಗೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪದು, ಅದೇ ಕಂಪನಿಯ ಅದೇ ಕಂತಿನದಾದರೂ. ಆ ಅಂಕಿ ನಕ್ಷೆಯಲ್ಲಿ ಇರುವುದಿಲ್ಲ, ಬರೆಯಲು ಬರುವುದೂ ಇಲ್ಲ. ಎಡಕ್ಕೆ ತಿರುಗಿಸಿದರೆ ಹರಿದ ದನಿ, ಬಲಕ್ಕೆ ತಿರುಗಿಸಿದರೆ ಹರಿದ ದನಿ, ನಡುವೆ ಒಂದು ಸಣ್ಣ ಜಾಗದಲ್ಲಿ ಆ ಎರಡನೆಯ ಗಿಟಾರಿನವನು ಬಂದು ಕೂರುತ್ತಾನೆ.

ಪೆಡಲನ್ನು ಹೊತ್ತುಕೊಂಡು ಅವನು ಶನಿವಾರ ಸಂಜೆ ಚರ್ಚಿನ ಗಾಯನದ ತಾಲೀಮಿಗೆ ಹೋಗುತ್ತಾನೆ ಎಂದುಕೊಳ್ಳೋಣ. ಮೆಥಡಿಸ್ಟರ ಸಭೆ ನೂರು ವರ್ಷಕ್ಕೂ ಮೀರಿ ಬೇರುಬಿಟ್ಟಿರುವ ಬೀದರಿನಲ್ಲಿ ಗಿಟಾರ್ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಹುಡುಕಬೇಕಾಗುತ್ತದೆ. ಎಂಟು ಮಂದಿ ಹಾಡುವವರು, ಅವರಲ್ಲಿ ಇಬ್ಬರು ಸದಾ ಅರ್ಧ ಹೆಜ್ಜೆ ಹಿಂದೆ, ಒಬ್ಬರು ಚೂರು ಏರು. ಬದಿಗೆ ಜೋಡಿ ರೀಡಿನ ಹಾರ್ಮೋನಿಯಂ. ಹಾಡು ಶುರುವಾಗುತ್ತದೆ, ಅವನು ಸ್ವಿಚ್ಚು ಒತ್ತುತ್ತಾನೆ. ದನಿ ತುಂಬಿಕೊಂಡಂತೆಯೇ ಇದೆ. ಮತ್ತೆ ಒತ್ತುತ್ತಾನೆ. ಹಾಗೆಯೇ ಇದೆ.

"ಏ ತಮ್ಮಾ, ನಿನ್ ಡಬ್ಬಿ ಚಾಲೂ ಅದ ಏನು?" ಎಂದು ಹಾರ್ಮೋನಿಯಂ ಮುಂದೆ ಕೂತ ಹಿರಿಯರು ಕೇಳುತ್ತಾರೆ.

ಅವನು ಬಗ್ಗಿ ಎಲ್‌ಇಡಿ ನೋಡುತ್ತಾನೆ.